ಕಂಬಳಿ ಪರದೆಯ ಹಿಂದಿನ ಫೋನು

ಫೋನಿನ ಮಗ್ಗುಲಿಗೆ ಒಂದು ವಹಿ, ವಹಿಗೆ ದಾರ ಕಟ್ಟಿದ ಒಂದು ಪೆನ್ಸಿಲ್. ಈ ರೂಢಿ ನನಗೆ ತವರಿನಿಂದ ಬಂದದ್ದು.

ಇಚಲಕರಂಜಿಯಲ್ಲಿ ನಮ್ಮಪ್ಪನದು ನೂಲಿನ ಅಂಗಡಿ. ಅರ್ಜಿ ಹಾಕಿ ಎಷ್ಟೋ ವರ್ಷ ಕಾದ ಮೇಲೆ, ಎಪ್ಪತ್ತರ ದಶಕದಲ್ಲಿ ಆ ಅಂಗಡಿಗೆ ಒಂದು ಕರಿ ಫೋನು ಬಂತು. ಓಣಿಗೆಲ್ಲ ಅದೊಂದೇ. ಕಬನೂರಿನ ಮಗ್ಗದವರಿಂದ ಹಿಡಿದು ಎದುರುಮನೆಯ ಬಾಣಂತಿಯ ತನಕ ಎಲ್ಲರ ಸುದ್ದಿಯೂ ಅದರೊಳಗೇ ಬರಬೇಕು. ಸುತ್ತಲೂ ಮಗ್ಗದ ಖಟಖಟ ನಡೆದೇ ಇರುತ್ತಿದ್ದರಿಂದ ಫೋನಿನಲ್ಲಿ ಮಾತಾಡುವುದೆಂದರೆ ಕೂಗುವುದು. ಯಾರ ಮನೆಗೆ ಯಾವ ಹೆಣ್ಣು ನೋಡಲು ಹೋಗಿದ್ದಾರೆ ಎಂಬುದು ಹೆಣ್ಣಿನವರಿಗಿಂತ ಮೊದಲು ನಮ್ಮ ಓಣಿಗೆ ಗೊತ್ತಾಗುತ್ತಿತ್ತು.

ನಮ್ಮದು ಜೈನರ ಮನೆ, ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು. ಟ್ರಂಕ್‌ಕಾಲ್‌ಗಳು ಸರಿಯಾಗಿ ಅದೇ ವೇಳೆಗೆ ಬರುತ್ತಿದ್ದವು.

"ಈ ಫೋನಿಗೆ ನನ್ನ ಭಕ್ರಿ ವಾಸನಿ ಬಡೀತೈತಿ ನೋಡು," ಎಂದು ಅವ್ವ ಗೊಣಗುವಳು. ಅಪ್ಪ ಅರ್ಧ ತಾಟು ಬಿಟ್ಟು ಏಳುವನು. ಕೊನೆಗೆ ಅವ್ವನೇ ದಾರಿ ಹುಡುಕಿದಳು. ಮಧ್ಯಾಹ್ನದ ಶಾಲೆಯಿಂದ ಬಂದು ಬೇಗನೆ ಉಂಡುಬಿಡುತ್ತಿದ್ದ ನನ್ನನ್ನು ಆ ಹೊತ್ತಿಗೆ ಫೋನಿನ ಮುಂದೆ ಕೂರಿಸಿದಳು. ಅಪ್ಪ ವಹಿ ಕೊಟ್ಟು ಒಂದೇ ಮಾತು ಹೇಳಿದ. "ಕೇಳಿದ್ದಷ್ಟ ಬರಿ. ನಿಂದೇನೂ ಕೂಡಸಬ್ಯಾಡ."

ಹೀಗಾಗಿ ಮದುವೆಯಾಗಿ ಗಡಹಿಂಗ್ಲಜಕ್ಕೆ ಬಂದು, ಅಲ್ಲಿನ ಹೈಸ್ಕೂಲಿನಲ್ಲಿ ಗಣಿತದ ಬಾಯಿಯಾಗಿ (ಅಲ್ಲಿ ಶಿಕ್ಷಕಿಗೆ ಬಾಯಿ ಅನ್ನುತ್ತಾರೆ) ಸೇರಿದಾಗ, ಶಾಲೆಯ ಫೋನಿನ ಮುಂದೆ ವಹಿ ಇಲ್ಲದ್ದು ನನ್ನ ಕಣ್ಣಿಗೆ ಮೊದಲು ಬಿತ್ತು. ಮರುದಿನವೇ ಒಂದು ಇಟ್ಟೆ. ಫೋನು ಇದ್ದದ್ದು ಹೆಡ್‌ಮಾಸ್ತರರ ಆಫೀಸಿನಲ್ಲಲ್ಲ, ಅದರ ಪಕ್ಕದ ಸಣ್ಣ ಕೋಣೆಯಲ್ಲಿ. ಕಂಬದಿಂದ ತಂತಿ ಆ ಕೋಣೆಯ ಕಿಟಕಿಯಿಂದಲೇ ಒಳಗೆ ಬರುತ್ತಿತ್ತು. ಕಿಟಕಿಯ ಆಚೆ ಶಾಲೆಯ ಬೇವಿನ ಕಟ್ಟೆ. ಸುತ್ತಲಿನ ಹಳ್ಳಿಯವರು ಆ ಕಟ್ಟೆಯ ಮೇಲೆ ಕೂತು ತಮ್ಮ ಫೋನಿಗೆ ಕಾಯುವುದು ವಾಡಿಕೆಯಾಯಿತು. ಹೆಡ್‌ಮಾಸ್ತರರು ಒಳ್ಳೆಯವರು. ನಮ್ಮಂತೆಯೇ ಜೈನರು, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಕಾಗದದ ಮೇಲೆ ಏನಿದೆಯೋ ಅದು ದೇವರ ಮಾತು. ಫೋನಿಗೆ ಬಂದವರನ್ನು ಬೇಡವೆನ್ನಬೇಕೆಂದು ಯಾವ ಕಾಗದದಲ್ಲೂ ಬರೆದಿರಲಿಲ್ಲ, ಆದ್ದರಿಂದ ಅವರು ಬೇಡವೆನ್ನಲಿಲ್ಲ.

ಕಟ್ಟೆಗೆ ತಪ್ಪದೆ ಬರುತ್ತಿದ್ದವಳು ಕೋವಾಡದ ದಾರಿಯ ಒಂದು ಹಳ್ಳಿಯ ಕುರುಬರ ಹೆಣ್ಣುಮಗಳು. ನನಗಿಂತ ಹತ್ತು ವರ್ಷ ದೊಡ್ಡವಳು, ನಾನು ಅಕ್ಕ ಎನ್ನುತ್ತಿದ್ದೆ. ದೀಪಾವಳಿ ಮುಗಿದರೆ ಅವಳ ಗಂಡ ಕುರಿ ಹೊಡೆದುಕೊಂಡು ನಾಂದಣಿ ಸುತ್ತಿನ ಕರಿ ಹೊಲಗಳಿಗೆ ಹೋಗುವನು. ಹೊಲದವರು ಗೊಬ್ಬರಕ್ಕೆಂದು ರಾತ್ರಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ಇವತ್ತು ಈ ಹೊಲ, ನಾಲ್ಕು ದಿನಕ್ಕೆ ಇನ್ನೊಂದು. ಮುಂಗಾರಿನ ಮೃಗದ ಮಳೆಯ ತನಕ ಅವನಿಗೆ ಇದೇ ತಿರುಗಾಟ. ಇವಳು ವಾರಕ್ಕೊಮ್ಮೆ ಜೋಳದ ಹಿಟ್ಟು, ಚಟ್ನಿಪುಡಿ, ಕುರಿಯ ಔಷಧ ಎಲ್ಲ ಗಂಟು ಕಟ್ಟಿ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು ಕಳಿಸಬೇಕು. ಆದರೆ ಯಾವ ಹೊಲಕ್ಕೆ? ಅದನ್ನು ತಿಳಿಯಲು ಇದ್ದ ದಾರಿ ಶನಿವಾರ ಮಧ್ಯಾಹ್ನದ ಆ ಫೋನು ಒಂದೇ. ಒಂದು ವಾರ ಫೋನು ತಪ್ಪಿ ಗಂಟು ಹಳೆಯ ಹೊಲಕ್ಕೆ ಹೋಯಿತು, ಅವನು ಎಂಟು ದಿನ ಊರವರು ಕೊಟ್ಟದ್ದನ್ನು ತಿಂದುಕೊಂಡಿದ್ದ, ಎರಡು ಮರಿ ಔಷಧವಿಲ್ಲದೆ ಸತ್ತವು.

ಮೊದಲ ಸಲ ಅವಳೇ ಫೋನು ಮಾಡಲು ಬಂದಿದ್ದಳು. ಆಗ ಪಿ.ಪಿ. ಕಾಲ್ ಅಂತ ಇತ್ತು. ಆ ಕಡೆ ಯಾರು ಬೇಕೋ ಅವರ ಹೆಸರು ಹೇಳಿ ಬುಕ್ ಮಾಡಬೇಕು. ಆ ಹೆಸರಿನವರು ಇದ್ದರೆ ಜೋಡಿಸುತ್ತಾರೆ, ಇಲ್ಲದಿದ್ದರೆ ಅಲ್ಲಿಗೇ ಕಟ್. ನಾಂದಣಿಯ ಒಂದು ಕಿರಾಣಿ ಅಂಗಡಿಯ ನಂಬರು ಹೇಳಿದೆವು. ಆಪರೇಟರಬಾಯಿ "ನಾವ ಸಾಂಗಾ" ಅಂದಳು, ಹೆಸರು ಹೇಳಿ ಅಂತ. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಅವರ ಹೆಸರ ನಾ ಹೆಂಗ ಹೇಳ್ಲಿರಿ ಬಾಯಾರ?"

"ನನ್ನ ಕಿವ್ಯಾಗ ಹೇಳಬೇ, ನಾ ಹೇಳ್ತೇನಿ," ಅಂದೆ.

"ಕಿವ್ಯಾಗ ಹೇಳಿದ್ರೂ ಬಾಯಿಂದನ ಹೇಳ್ಬೇಕಲ್ಲರಿ."

ಶಾಲೆಯ ಶಿಪಾಯಿ ಮಾಮಾ ಬಾಗಿಲಲ್ಲಿ ನಿಂತು ಸಲಹೆ ಕೊಟ್ಟ. "ಉದ್ದ ಮನಷ್ಯಾ, ಕೆಂಪ ರುಮಾಲ, ಎಡಗಿವಿ ಹರದೈತಿ ಅನ್ನರಿ. ಅಷ್ಟ ಸಾಕು."

ಆಪರೇಟರಬಾಯಿ ನಕ್ಕು ಕಟ್ ಮಾಡಿದಳು. ನನಗೆ ಅಕ್ಕನನ್ನು ಆಡಿಕೊಳ್ಳುವ ಬಾಯಿ ಇರಲಿಲ್ಲ, ನಾನೂ 'ನಮ್ಮ ಮನೆಯವರು' ಎಂದೇ ಅನ್ನುವವಳು. ಆಮೇಲೆ ಗಂಡನೇ ಆ ಕಡೆಯಿಂದ ಇವಳ ಹೆಸರಿಗೆ ಬುಕ್ ಮಾಡುವುದೆಂದು ನಿಶ್ಚಯವಾಯಿತು. ಅವನಿಗೆ ಹೆಸರು ಹೇಳಲು ಯಾವ ಸಂಕೋಚವೂ ಇರಲಿಲ್ಲ.

ಒಂದು ಶನಿವಾರ ಬಸ್ಸು ತಡವಾಗಿ ಅಕ್ಕ ಬಂದಿರಲಿಲ್ಲ. ಫೋನು ಬಂತು. ಇದ್ದಾರೆಯೇ ಎಂದು ಆಪರೇಟರಬಾಯಿ ಕೇಳಿದಳು. ನಾನು ಅಪ್ಪನ ಮಗಳು, "ಇಲ್ಲ, ಈಗ ಬರ್ತಾರೆ" ಅಂದೆ. 'ಬರ್ತಾರೆ' ಅನ್ನುವಷ್ಟರಲ್ಲಿ ಕಟ್ ಆಗಿತ್ತು. ಅಕ್ಕ ಐದು ನಿಮಿಷಕ್ಕೆ ಓಡುತ್ತ ಬಂದಳು. ಸಿಟ್ಟು ಮಾಡಲಿಲ್ಲ. ಕಟ್ಟೆಯ ಮೇಲೆ ಕೂತು ಗಂಟು ತೊಡೆಯ ಮೇಲಿಟ್ಟುಕೊಂಡು, ಸಣ್ಣ ಮಕ್ಕಳಿಗೆ ತಿಳಿಸಿ ಹೇಳುವ ದನಿಯಲ್ಲಿ ಹೇಳಿದಳು.

"ಬಾಯಾರ, ಫೋನಿಗೆ ಇಲ್ಲ ಅನಬಾರದ್ರಿ. ಇಲ್ಲ ಅಂದ್ರ ಮುಗೀತು, ಅದು ಮತ್ತ ಕೇಳೂದಿಲ್ಲ."

ಆ ವಾರವೇ ಆ ಎರಡು ಮರಿ ಸತ್ತದ್ದು.

ಎಂಬತ್ತರ ದಶಕ ಅರ್ಧ ದಾಟಿದಾಗ ನಮ್ಮ ಶಾಲೆಗೆ ಸರಕಾರದಿಂದ ಎರಡು ಕಂಪ್ಯೂಟರು ಬರುತ್ತವೆಂದು ಕಾಗದ ಬಂತು. ತಾಲೂಕಿನಲ್ಲಿ ಮೊದಲು ನಮಗೇ. ನಾನು ಗಣಿತದವಳು ಎಂಬ ಕಾರಣಕ್ಕೆ ಎರಡು ವಾರ ಕೊಲ್ಹಾಪುರದಲ್ಲಿ ತರಬೇತಿಗೆ ಕಳಿಸಿದರು. ಚಿಕ್ಕಮ್ಮನ ಮನೆಯಲ್ಲಿ ಇಳಿದಿದ್ದೆ. ದಿನಾ ಸಂಜೆ ಅವಳದೊಂದೇ ಪ್ರಶ್ನೆ. "ಇವತ್ತರ ಏನಾರ ಮಾತಾಡ್ತೇನು ಅದು?" ಎರಡನೆಯ ವಾರದ ಬುಧವಾರ ಅದು ನನ್ನ ಹೆಸರು ಕೇಳಿ, ನಾನು ಒತ್ತಿದ ಮೇಲೆ ನಮಸ್ಕಾರ ಹೇಳಿತು. ಅಂದು ಚಿಕ್ಕಮ್ಮ ಶಿರಾ ಮಾಡಿದಳು.

ಗಡಹಿಂಗ್ಲಜಕ್ಕೆ ಮರಳಿದಾಗ ಪೆಟ್ಟಿಗೆಗಳು ಬಂದಿದ್ದವು, ಜೊತೆಗೆ ನಿಯಮಗಳ ಕಾಗದವೂ. ಧೂಳು ಬರದ ಕೋಣೆ ಬೇಕು. ಬೀಗ ಬೇಕು. ಕಿಟಕಿಗೆ ದಪ್ಪ ಪರದೆ ಬೇಕು. ಹೊರಗಿನವರಿಗೆ ಪ್ರವೇಶವಿಲ್ಲ. ಕೆಟ್ಟರೆ ಕಂಪನಿಯ ಇಂಜಿನಿಯರನ ಹೊರತು ಯಾರೂ ಮುಟ್ಟಬಾರದು. ಬಳಸದೆ ಇಟ್ಟರೆ ಬೇರೆ ಶಾಲೆಗೆ ಕೊಡಲಾಗುವುದು. ಶಾಲೆಯಲ್ಲಿ ಹೆಂಚು ಸೋರದ, ಬಾಗಿಲು ಸರಿಯಾಗಿ ಮುಚ್ಚುವ ಸಣ್ಣ ಕೋಣೆ ಒಂದೇ, ಫೋನಿನದು. ಹಾಗಾದರೆ ಫೋನನ್ನು ಆಫೀಸಿಗೆ ಒಯ್ಯೋಣವೆಂದರೆ, ಒಂದು ಗೋಡೆ ದಾಟಿಸುವುದಕ್ಕೂ ಟೆಲಿಫೋನ್ ಖಾತೆಗೆ ಅರ್ಜಿ ಹಾಕಬೇಕು. ಹಾಕಿದೆವು. ಸಾಮಾನು ಬಂದ ಮೇಲೆ ನೋಡೋಣ ಎಂದು ಉತ್ತರ ಬಂತು.

ಕಂಪ್ಯೂಟರು ಕೊಟ್ಟವರ ಕಾಗದದಲ್ಲಿ ಫೋನಿನ ಮಾತಿರಲಿಲ್ಲ, ಫೋನಿನವರ ಕಾಗದದಲ್ಲಿ ಕಂಪ್ಯೂಟರಿನ ಮಾತಿರಲಿಲ್ಲ. ಎರಡೂ ಒಂದೇ ಕೋಣೆಯಲ್ಲಿ ಬಂದು ಕೂತಾಗ ನಡುವೆ ಸಿಕ್ಕವಳು ನಾನು. ಕಂಪ್ಯೂಟರಿನ ಕೀಲಿಕೈ ನನ್ನ ಸೊಂಟದಲ್ಲಿ, ಫೋನಿನ ವಹಿ ನನ್ನ ಕೈಯಲ್ಲಿ.

ಹೆಡ್‌ಮಾಸ್ತರರು ಧೂಳಿನ ವಿಚಾರವನ್ನು ಬಸದಿಯ ಪದ್ಧತಿಯಲ್ಲಿ ಬಗೆಹರಿಸಿದರು. ಕಾಲು ತೊಳೆಯದೆ ಯಾರೂ ಹೊಸ್ತಿಲು ದಾಟಬಾರದು. ನಲವತ್ತು ಮಕ್ಕಳು ನಲ್ಲಿಯ ಕೆಳಗೆ ಕಾಲು ತೊಳೆದು, ಅಂಗಳದ ಕೆಂಪು ಮಣ್ಣು ತುಳಿದು, ಸಾಲಾಗಿ ಒಳಗೆ ಬಂದರು.

ಮಾಮಾ ನೆಲ ನೋಡಿ ಹೇಳಿದ. "ಸರ, ಧೂಳ ಒಳಗ ಬರಬಾರದ ಅಂದಿದ್ರಿ. ಬಂದಿಲ್ಲ ನೋಡ್ರಿ. ಕೆಸರ ಬಂದೈತಿ."

ಆಮೇಲೆ ಗೋಣಿತಟ್ಟು ಹಾಸಿದೆವು, ಸರಿಹೋಯಿತು. ಹೋಗದಿದ್ದದ್ದು 'ಹೊರಗಿನವರಿಗೆ ಪ್ರವೇಶವಿಲ್ಲ' ಎಂಬ ಸಾಲು. ಅದನ್ನು ಅಕ್ಕನಿಗೆ ಹೇಳುವ ಕೆಲಸ ನನಗೇ ಬಂತು. ಅವಳು ಸಾವಕಾಶವಾಗಿ ಕೇಳಿದಳು, ಕಿಟಕಿಯ ಸರಳು ಮುಟ್ಟಿ ನೋಡಿದಳು, ತಲೆಬಾಗಿಲು ನೋಡಿದಳು.

"ಒಳಗ ಬರಬಾರದು ಅಷ್ಟ ಅಲ್ಲೇನ್ರಿ? ನಾ ಕುರಿಗಿ ಹುಲ್ಲ ಹಾಕುವಾಗ ದಡ್ಡಿ ಒಳಗ ಹೋಗ್ತೇನೇನ? ಬೇಲಿ ಸಂದ್ಯಾಗ ಕೈ ಹಾಕ್ತೇನಿ. ಫೋನ ಈ ಕಿಟಕಿ ಕಟ್ಟಿ ಮ್ಯಾಲ ಇಡ್ರಿ, ನಾ ಹೊರಗ ನಿಂತ ಮಾತಾಡ್ತೇನಿ."

ಫೋನಿನ ವೈರು ಕಿಟಕಿಯ ಕಟ್ಟೆಯ ತನಕ ಸರಿಯಾಗಿ ಸಾಲುತ್ತಿತ್ತು. ಹೆಡ್‌ಮಾಸ್ತರರು ಕಾಗದವನ್ನು ಎರಡು ಸಲ ಓದಿದರು. "ಕಿಟಕಿ ತೆಗೆದರೆ ಧೂಳು. ದಪ್ಪ ಪರದೆ ಎಲ್ಲಿದೆ?" ನನ್ನ ಅಣ್ಣ ಇಚಲಕರಂಜಿಯಿಂದ ಪಾಪ್ಲಿನ್ ಕಳಿಸಿದ್ದ. ಅದು ಗಾಳಿಗೆ ಗಾಳಿಪಟದಂತೆ ಹಾರಾಡುತ್ತಿತ್ತು. ಮುಂದಿನ ಶನಿವಾರ ಅಕ್ಕ ಬರುವಾಗ ಹೆಗಲ ಮೇಲೆ ಹೊಸ ಕರಿ ಕಂಬಳಿ. ತಮ್ಮ ಕುರಿಯ ಉಣ್ಣೆ, ಅವಳೇ ನೂತದ್ದು, ಹಲಗೆಯಂತೆ ಬಿರುಸು.

"ಇದ ಹಾಕ್ರಿ ಸರ. ಮಳಿ ನೀರ ದಾಟೂದಿಲ್ಲ, ಧೂಳಪ್ಪ ಏನ ದಾಟ್ಯಾನು."

ಕಂಬಳಿ ತೂಗುಬಿದ್ದಿತು. ಒಂದು ಕಣ ಧೂಳು ಬರಲಿಲ್ಲ. ಈಚೆ ಶನಿವಾರದ ಶಾಲೆ ಬಿಟ್ಟ ಮೇಲೂ ಉಳಿದ ಮಕ್ಕಳು ಕೀಲಿ ಒತ್ತುವ ಟಕಟಕ, ಆಚೆ ಬೇವಿನ ಕೆಳಗೆ "ಹಾಂ, ಬಾವಿ ಬಲ್ಲಿ ಹೊಲಾ? ಬುಧವಾರ ತನಕಾ?" ಎಂಬ ಕೂಗು. ಎರಡು ತಿಂಗಳು ಹೀಗೆ ಚೆನ್ನಾಗಿ ನಡೆಯಿತು.

ಒಂದು ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದು ಗುಂಡಿ ಒತ್ತಿದೆ. ಕಂಪ್ಯೂಟರಿಗೆ ಪರದೆಯಾಗಿದ್ದ ಟಿ.ವಿ. ಬೆಳಗಲಿಲ್ಲ. ಎರಡೂ ಕಂಪ್ಯೂಟರಿನಿಂದ ಟಿ.ವಿ.ಗೆ ಹೋಗುವ ಕೇಬಲ್ಲುಗಳು ಕಡಿದು ಬಿದ್ದಿದ್ದವು. ಕಂಬಳಿಯ ಅಂಚೂ ಕತ್ತರಿಸಿದಂತಾಗಿತ್ತು. ಮಾಮಾ ಬಗ್ಗಿ ಮೂಸಿ ನೋಡಿ ಹೇಳಿದ. "ಇಲಿ, ಬಾಯಾರ. ಹೊಸಾ ಕಂಬಳಿಗಿ ಹುಣಸಿಬೀಜದ ಗಂಜಿ ಕುಡಿಸಿರ್ತಾರು. ಅದನ್ನ ತಿನ್ನಾಕ ಬಂದಾವು. ಬಂದಾವು ಅಂದಮ್ಯಾಲ ಬಾಯಿಗಿ ಸಿಕ್ಕದ್ದನ್ನೂ ಕಡದಾವು."

ಆ ಬಿರುಸು ಗಂಜಿಯದೆಂದು ನನಗೆ ಹೊಳೆದೇ ಇರಲಿಲ್ಲ. ಕಂಬಳಿ ನೇಯುವ ಮಂದಿಗೆ ಅದು ಎಷ್ಟು ಸಹಜವೆಂದರೆ ಅಕ್ಕನಿಗೂ ಹೇಳಬೇಕೆನಿಸಿರಲಿಲ್ಲ. ಬೇರೆ ಶಾಲೆಯಾಗಿದ್ದರೆ ಇಲಿಗೆ ಪಾಷಾಣ ಇಡುತ್ತಿದ್ದರು. ನಮ್ಮ ಹೆಡ್‌ಮಾಸ್ತರರು ಇರುವೆ ಕಂಡರೂ ಕಾಲು ಎತ್ತಿ ಇಡುವವರು.

"ಜೀವಕ್ಕೆ ಅಪಾಯ ಮಾಡುವುದು ಬೇಡ," ಎಂದರು. "ಕಂಬಳಿ ಹೋಗಲಿ. ಕಂಬಳಿ ಹೋದರೆ ಧೂಳು. ಅದಕ್ಕೆ ಬರುವ ಸೋಮವಾರ ಕಿಟಕಿಗೆ ಮೊಳೆ ಹೊಡೆಸುತ್ತೇನೆ. ಫೋನು ಇನ್ನು ಶಾಲೆಯ ಕೆಲಸಕ್ಕೆ ಮಾತ್ರ." ಕಡಿದ ಕೇಬಲ್ಲೊಂದನ್ನು, ಬಂದವರೆಲ್ಲ ನೋಡಲಿ ಎಂದು, ಫೋನಿನ ಪಕ್ಕದಲ್ಲೇ ಕಿಟಕಿಯ ಕಟ್ಟೆಯ ಮೇಲೆ ಇಡಿಸಿದರು.

ನಾನು ವಾರವೆಲ್ಲ ಕೊಲ್ಹಾಪುರದ ಇಂಜಿನಿಯರನಿಗೆ ಟ್ರಂಕ್ ಬುಕ್ ಮಾಡಿದೆ. ಒಮ್ಮೆ ಲೈನ್ ಇಲ್ಲ, ಒಮ್ಮೆ ಅವನಿಲ್ಲ. ಬಂದ ಕೂಡಲೇ ಶಾಲೆಗೆ ಫೋನು ಮಾಡಲಿ ಎಂದು ಅವನ ಆಫೀಸಿನಲ್ಲಿ ನಿರೋಪ ಬಿಟ್ಟೆ. ಅಷ್ಟರಲ್ಲಿ ಕಂಪ್ಯೂಟರು ಬಳಕೆಯಲ್ಲಿವೆಯೇ ಎಂದು ಕೇಳುವ ಕಾಗದವೂ ಬಂತು. ಮಕ್ಕಳು ದಿನಾ ಕಾಲು ತೊಳೆದು ಬಾಗಿಲಿಗೆ ಬಂದು ವಾಪಸ್ ಹೋಗುತ್ತಿದ್ದರು.

ಶನಿವಾರ ಬೆಳಗಿನ ಶಾಲೆ ಮುಗಿಸಿ ನಾನು ಇಚಲಕರಂಜಿಗೆ ಹೋಗುವುದಿತ್ತು, ಅಣ್ಣನ ಮಗುವಿನ ತೊಟ್ಟಿಲು. ಹೋಗುವ ಮುಂಚೆ ಬಸ್‌ಸ್ಟ್ಯಾಂಡಿನಲ್ಲಿ ಅಕ್ಕ ಸಿಕ್ಕಳು. ಮೊಳೆಯ ಸುದ್ದಿ ಹೇಳಿದೆ.

"ನನ್ನ ಕಂಬಳಿನ ನನ್ನ ಫೋನ ತಿಂತೇನ್ರಿ?" ಅಂದಳು. ಗಂಟು ಸೊಂಟಕ್ಕೆ ಏರಿಸಿಕೊಂಡು, "ಇವತ್ತ ಕಡೀ ಸಲಾ ಅಂತ ಅವರಿಗಿ ಹೇಳ್ತೇನಿ. ಇನ್ನ ಮುಂದ ಹೊಲಾ ಹೆಂಗ ಗೊತ್ತಾಗಬೇಕೋ ಅದನ್ನೂ ಇವತ್ತ ಮಾತಾಡಿಬಿಡಬೇಕು," ಎಂದು ಶಾಲೆಯ ಕಡೆ ನಡೆದಳು.

ಆಮೇಲೆ ನಡೆದದ್ದು ಸೋಮವಾರ ಒಂದೊಂದೇ ತುಂಡಾಗಿ ನನಗೆ ಸಿಕ್ಕಿತು.

ಬೆಳಿಗ್ಗೆ ಬಂದಾಗ ಮಾಮಾ ಕೈಯಲ್ಲಿ ಸುತ್ತಿಗೆ ಹಿಡಿದು ನಿಂತಿದ್ದ. "ಬಾಯಾರ, ಇಂಜಿನಿಯರ ಬರ್ತಾನಂತ, ಹತ್ತರ ಬಸ್ಸಿಗಿ. ಅರ್ಧಾ ತಾಸ ಇರ್ತಾನಂತ, ಮುಂದ ಸಾವಂತವಾಡಿಗಿ ಹೋಗ್ಬೇಕಂತ. ಶನಿವಾರ ನಿಮ್ಮ ಅಕ್ಕ ಹೇಳಿ ಹೋಗ್ಯಾಳ."

ವಹಿ ತೆಗೆದು ನೋಡಿದೆ. ಶನಿವಾರದ ಹಾಳೆಯಲ್ಲಿ ಸರಳಿನ ಸಂದಿಯಿಂದ ಕೈ ಹಾಕಿ ಎಳೆದ ಸೊಟ್ಟ ಗೀಟುಗಳು. ಒಂದು ಸಾಲಿನಲ್ಲಿ ಹತ್ತು, ಕೆಳಗೆ ಆರು. ಬೇರೆ ಏನೂ ಇಲ್ಲ. ಹತ್ತು ಅಂದರೆ ಬಸ್ಸು ಇರಬೇಕು. ಆರು ಏನೆಂದು ತಿಳಿಯಲಿಲ್ಲ.

ಹತ್ತರ ಬಸ್ಸಿಗೆ ಇಂಜಿನಿಯರು ಬಂದ. ಚೀಲದಿಂದ ಕೇಬಲ್ಲು ತೆಗೆದು ಜೋಡಿಸಿದ, ಪರದೆ ಬೆಳಗಿತು. ಬಾಗಿಲಲ್ಲಿ ಒದ್ದೆ ಕಾಲಿನ ಮಕ್ಕಳು ಚಪ್ಪಾಳೆ ತಟ್ಟಿದರು. ಹೆಡ್‌ಮಾಸ್ತರರು ತಾವೇ ಚಹಾ ತಂದುಕೊಟ್ಟರು. ಅವನು ಮರಾಠಿಯಲ್ಲಿ ಹೇಳಿದ. "ನಿಮ್ಮ ಹೆಡ್‌ಮಾಸ್ತರಬಾಯಿ ಸಿಕ್ಕದ್ದು ಒಳ್ಳೆಯದಾಯಿತು. ಈ ಕೇಬಲ್ಲಿನಲ್ಲಿ ಎರಡು ತರಹ ಇವೆ, ತುದಿಯಲ್ಲಿ ಪಿನ್ನಿನ ಮುಳ್ಳು ಎಷ್ಟು ಎಂದು ಕೇಳಿದೆ. ಕೂಡಲೇ ಎಣಿಸಿ ಆರು ಅಂದರು. ಇಲ್ಲದಿದ್ದರೆ ತಪ್ಪು ತಂದು ಮೂರು ತಿಂಗಳು ಕಾಯಿಸುತ್ತಿದ್ದೆ."

"ಯಾವ ಹೆಡ್‌ಮಾಸ್ತರಬಾಯಿ?" ಎಂದರು ಹೆಡ್‌ಮಾಸ್ತರರು.

ಮಾಮಾ ಸುತ್ತಿಗೆಯನ್ನು ಬೆನ್ನ ಹಿಂದೆ ಸರಿಸಿಕೊಂಡ.

ಉಳಿದದ್ದನ್ನು ಆಪರೇಟರಬಾಯಿಯೇ ಫೋನಿನಲ್ಲಿ ನನಗೆ ಹೇಳಿದಳು. ಇಂಜಿನಿಯರು ಹೆಡ್‌ಮಾಸ್ತರರ ಹೆಸರಿಗೆ ಪಿ.ಪಿ. ಕಾಲ್ ಬುಕ್ ಮಾಡಿದ್ದ. ಶಾಲೆಯಲ್ಲಿ ಯಾರೂ ಇಲ್ಲ, ಮಾಮಾ ಕಿಟಕಿ ತೆಗೆದಿಟ್ಟು ಊಟಕ್ಕೆ ಹೋಗಿದ್ದ. ಗಂಟೆ ಬಾರಿಸಿದಾಗ ಎತ್ತಿದ್ದು ಅಕ್ಕ. ಹೆಡ್‌ಮಾಸ್ತರರು ಇದ್ದಾರೆಯೇ ಎಂದು ಕೇಳಿದರೆ, ತಡವರಿಸದೆ, ತನಗೆ ಬರುವಷ್ಟು ಮರಾಠಿಯಲ್ಲಿ ಉತ್ತರ. "ಮೀಚ ಹೆಡ್‌ಮಾಸ್ತರ. ಬೋಲಾ." ನಾನೇ ಹೆಡ್‌ಮಾಸ್ತರ, ಮಾತಾಡಿ ಅಂತ.

"ದನಿ ನನಗೆ ಗೊತ್ತಾಗುವುದಿಲ್ಲವೇ?" ಎಂದು ನಕ್ಕಳು ಆಪರೇಟರಬಾಯಿ. "ಗಂಡನ ಹೆಸರು ಹೇಳದ ಬಾಯಿ ಅದು. ಇಷ್ಟು ಧೈರ್ಯ ಮಾಡಿದ್ದಾಳೆ ಅಂದರೆ ಏನೋ ಇದೆ ಅಂತ ಜೋಡಿಸಿಬಿಟ್ಟೆ. ಅವರು ಮಾತಾಡುತ್ತಿರುವಾಗಲೇ ನಾಂದಣಿಯ ಕಾಲ್ ಬಂತು. ನಡುವೆ ಹೋಗಿ ಹೇಳಿದೆ. 'ಮೊದಲ ಇವರದ ಮುಗೀಲಿ' ಅಂದಳು. ಅಷ್ಟರಲ್ಲಿ ನಾಂದಣಿಯ ಲೈನ್ ಹೋಯಿತು. ಹೋಗುವ ಮೊದಲು ಹೊಲ ಯಾವುದೆಂದು ಅವನಿಂದ ಕೇಳಿಕೊಂಡಿದ್ದೇನೆ, ಅವಳಿಗೆ ಹೇಳಲು ಆಮೇಲೆ ಗಂಟೆ ಬಾರಿಸಿದರೆ ಯಾರೂ ಎತ್ತಲಿಲ್ಲ. ಬರೆದುಕೊಳ್ಳಿ. ಮಠದ ಹಿಂದಿನ ಹೊಲ, ಶುಕ್ರವಾರದ ತನಕ."

ನಾನು ಆರು ಗೀಟಿನ ಕೆಳಗೆ ಅದನ್ನು ಬರೆದೆ. ಕಡೆಯ ಸಲ ಎಂದುಕೊಂಡು ಹೋದವಳು ಆ ಕೊನೆಯ ಫೋನನ್ನು ನಮ್ಮ ಕಂಪ್ಯೂಟರಿಗೆ ಕೊಟ್ಟು ಹೋಗಿದ್ದಳು.

ಹೆಡ್‌ಮಾಸ್ತರರಿಗೆ ಎಲ್ಲ ಹೇಳಿದೆ. ಬಹಳ ಹೊತ್ತು ಕನ್ನಡಕ ಒರೆಸಿದರು. "ಸುಳ್ಳು ಹೇಳಿದ್ದು ತಪ್ಪು," ಅಂದರು. ಮತ್ತೆ ಒರೆಸಿದರು. "ಆರು ಅಂದದ್ದು ಸರಿ." ಆಮೇಲೆ ನಿಯಮಗಳ ಕಾಗದ ತರಿಸಿ, ಕೆಳಗೆ ತಮ್ಮ ದುಂಡು ಅಕ್ಷರದಲ್ಲಿ ಒಂದು ಸಾಲು ಸೇರಿಸಿದರು. 'ಕಿಟಕಿಯು ಕೋಣೆಯ ಹೊರಗಿದೆ ಎಂದು ತಿಳಿಯತಕ್ಕದ್ದು.' ಮಾಮಾ ಮೊಳೆಗಳನ್ನು ಡಬ್ಬಿಗೆ ಹಾಕಿದ.

ಅಂದು ಮಧ್ಯಾಹ್ನವೇ ಆ ಕಡೆಯ ಬಸ್ಸಿನ ಕಂಡಕ್ಟರನ ಮೂಲಕ ಅಕ್ಕನಿಗೆ ಹೊಲದ ಸುದ್ದಿ ಹೋಯಿತು, ಮಂಗಳವಾರ ಅವಳ ಗಂಟೂ ನಾಂದಣಿಗೆ ಹೋಯಿತು. ಗಂಟು ಕಳಿಸಿದವಳೇ ಅವಳು ಶಾಲೆಗೆ ಬಂದು ಕಂಬಳಿ ಇಳಿಸಿ, ಹಿರಣ್ಯಕೇಶಿಗೆ ಒಯ್ದು, ಎರಡು ದಿನ ತುಳಿದು ತುಳಿದು ಗಂಜಿಯನ್ನೆಲ್ಲ ಹೊಳೆಗೆ ಬಿಟ್ಟಳು. ತಿರುಗಿ ಹಾಕಿದಾಗ ಅದು ಹಳೆಯ ಸೀರೆಯಂತೆ ಮೆತ್ತಗೆ ತೂಗಿತು. ಇಲಿಗಳು ಎರಡು ರಾತ್ರಿ ಬಂದು ನೋಡಿ, ರುಚಿಯಿಲ್ಲವೆಂದು ಬಿಟ್ಟುಹೋದವು.

ಮುಂದಿನ ಶನಿವಾರ ಫೋನಿಗೆ ಇನ್ನೂ ಹೊತ್ತಿತ್ತು. ಹೆಡ್‌ಮಾಸ್ತರರೇ ಅಕ್ಕನನ್ನು ಒಳಗೆ ಕರೆದರು. ಕಾಗದದಲ್ಲಿ ಬೇಡವೆಂದು ಬರೆದಿದ್ದ ಒಂದು ಕೆಲಸವನ್ನು ಅವರು ಮಾಡಿದ್ದು ನಾನು ಕಂಡದ್ದು ಅದೊಂದೇ ಸಲ. ಅಕ್ಕ ಕಾಲು ತೊಳೆದು, ಗೋಣಿತಟ್ಟಿನ ಮೇಲೆ ಒರೆಸಿ, ಕಂಪ್ಯೂಟರಿನ ಮುಂದೆ ಕೂತಳು.

"ಏನಂತೈತ್ರಿ ಇದು?"

"ಹೆಸರ ಕೇಳಾಕತ್ತೈತಿ," ಅಂದೆ. "ಬಾಯಿಲೆ ಹೇಳೂದ ಬ್ಯಾಡ, ಬೆರಳಿಲೆ ಒತ್ತಿದ್ರ ಸಾಕು. ಬೇಕಾದ್ರ ಅವರ ಹೆಸರ ಒತ್ತಬೇ."

"ನನಗ ಅಕ್ಷರ ಎಲ್ಲಿ ಬರ್ತಾವ್ರಿ?" ಎನ್ನುತ್ತಲೇ ತೋರುಬೆರಳಿನಿಂದ ಕೋಳಿ ಕಾಳು ಹೆಕ್ಕಿದಂತೆ ನಾಲ್ಕೈದು ಕೀಲಿ ಒತ್ತಿದಳು. ನಾನು ದೊಡ್ಡ ಕೀಲಿ ಒತ್ತಿದೆ. ಕೆ, ಕೆ, ಜೆ, ಎಲ್ ಎಂಬವರಿಗೆ ಕಂಪ್ಯೂಟರು ದೊಡ್ಡ ಅಕ್ಷರದಲ್ಲಿ ನಮಸ್ಕಾರ ಹೇಳಿತು.

ಓದಿ ಹೇಳಿದೆ. ಅಕ್ಕ ಪರದೆಯನ್ನು ದಿಟ್ಟಿಸಿ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಹೌದ್ರಿ, ಇದ ಅವರ ಹೆಸರು. ಇರಲಿ ಬಿಡ್ರಿ, ಯಾರಿಗೂ ತಿಳಿಯೂದಿಲ್ಲ."

ಅಷ್ಟರಲ್ಲಿ ಕಿಟಕಿಯ ಕಟ್ಟೆಯ ಮೇಲೆ ಫೋನು ಬಾರಿಸಿತು. ಅಕ್ಕ ಎದ್ದು, ಕೈಗೆ ಹತ್ತಿರವಿದ್ದ ಫೋನನ್ನು ಬಿಟ್ಟು, ಬಾಗಿಲಿನಿಂದ ಹೊರಗೆ ಓಡಿ, ಬೇವಿನ ಮರ ಸುತ್ತಿ, ಕಂಬಳಿ ಸರಿಸಿ, ಹೊರಗಿನಿಂದ ಕೈ ಹಾಕಿ ಎತ್ತಿದಳು. ಆಪರೇಟರಬಾಯಿಯ ಮಾತು ನನಗೂ ಕೇಳಿಸಿತು. "ಹೆಡ್‌ಮಾಸ್ತರಬಾಯಿ, ನಾಂದಣಿ. ಬೋಲಾ."